ಕಂಚಿ, ದೊಡ್ಲಿ, ಮಾದಲ: ಹುಳಿಹಣ್ಣನ್ನೇ ಬೆಳೆ ಮಾಡಿಕೊಂಡ ನನ್ನ ಅನುಭವ

ನಿಂಬೆ ಜಾತಿಯ ಕಂಚಿಕಾಯಿಯನ್ನು ಕಿತ್ತಳೆ ಪಕ್ಕ ಇಟ್ಟು ನೋಡಿದರೆ ಯಾರೂ ಅದನ್ನು ಮುಟ್ಟುವುದಿಲ್ಲ. ಸಿಪ್ಪೆ ದಪ್ಪ, ಬೀಜ ಜಾಸ್ತಿ, ಬಾಯಿಗಿಟ್ಟರೆ ಹಲ್ಲು ಚುಳ್ ಅನ್ನುವಷ್ಟು ಹುಳಿ, ಹಿಂದೆಯೇ ಕಹಿ. ಆದರೆ ಸುಲಿದು ತಿನ್ನಲಿ ಅಂತ ಇರುವ ಹಣ್ಣೇ ಅಲ್ಲವಲ್ಲ ಅದು. ಗೊಜ್ಜಿಗೆ, ಅಪ್ಪೆಹುಳಿಗೆ, ಪಾನಕಕ್ಕೆ, ಉಪ್ಪಿನಕಾಯಿಗೆ ಬೇಕಾದದ್ದು ಆ ಹುಳಿ, ಆ ಸಿಪ್ಪೆಯ ಘಮ. ಅಂಗಡಿಯ ನಿಂಬೆಹಣ್ಣಿನಲ್ಲಿ ಹುಳಿ ಸಿಗುತ್ತದೆ, ಆ ಘಮ ಸಿಗುವುದಿಲ್ಲ.

ನಾನು ಉತ್ತರ ಕನ್ನಡದ ಸಿದ್ದಾಪುರ ಕಡೆಯ ಅಡಿಕೆ ಕೃಷಿಕ. ತೋಟದ ಅಂಚಿನಲ್ಲಿ, ಬೇಣದ ಹುಲ್ಲುಗಾವಲಿನಲ್ಲಿ, ಬೆಟ್ಟದ ಬುಡದಲ್ಲಿ ಕೆಲವು ವರ್ಷಗಳಿಂದ ಕಂಚಿ, ದೊಡ್ಲಿ, ಮಾದಲ, ಗಜನಿಂಬೆ ಅನ್ನುವ ನಿಂಬೆ ಜಾತಿಯ ಗಿಡಗಳನ್ನು ಬೆಳೆಸುತ್ತಿದ್ದೇನೆ. ಇವು ನಮ್ಮ ಕಡೆ ಅರ್ಧ ಊರಿನವು, ಅರ್ಧ ಕಾಡಿನವು. ಹಳೆ ಮನೆಯ ಹಿತ್ತಲಲ್ಲಿ ಒಂದು, ಹಳ್ಳದ ದಂಡೆಯಲ್ಲಿ ಒಂದು, ಯಾರೋ ಬಿಟ್ಟುಹೋದ ಮನೆಯ ಅಡಿಪಾಯದ ಹತ್ತಿರ ಒಂದು. ನೆಟ್ಟವರು ಯಾರು ಅಂತ ಊರಲ್ಲಿ ಯಾರಿಗೂ ನೆನಪಿಲ್ಲ. ನೀರು, ಗೊಬ್ಬರ ಏನೂ ಇಲ್ಲದೆ ವರ್ಷ ವರ್ಷ ಕಾಯಿ ಬಿಡುತ್ತವೆ. ಇಷ್ಟು ಗಟ್ಟಿ ಜೀವವನ್ನು ಬೆಳೆ ಅಂತ ಯಾಕೆ ನೋಡಬಾರದು? ನಾನು ಶುರು ಮಾಡಿದ್ದು ಇದೇ ಪ್ರಶ್ನೆಯಿಂದ.

ದಾರಿ ತೋರಿಸಿದ್ದು ಅಪ್ಪೆಮಿಡಿ, ಅಂದರೆ ಉಪ್ಪಿನಕಾಯಿಯ ಘಮದ ಮಾವಿನಮಿಡಿ. ಒಂದು ಕಾಲದಲ್ಲಿ ಅದೂ ಹೊಳೆ ದಂಡೆಯ ಕಾಡುಮರವೇ. ಮಿಡಿಗೋಸ್ಕರ ಟೊಂಗೆ ಕಡಿದು, ಮರವನ್ನೇ ಹಾಳು ಮಾಡಿದ್ದನ್ನು ನಮ್ಮ ಕಡೆಯವರೆಲ್ಲ ನೋಡಿದ್ದಾರೆ. ಆಮೇಲೆ ಒಳ್ಳೆ ಮರ ಯಾವುದು ಅಂತ ಜನರೇ ಗುರುತಿಸಿದರು, ಕಸಿ ಕಟ್ಟಿದರು, ಅನಂತಭಟ್ಟನ ಅಪ್ಪೆಯಂಥ ತಳಿಗಳು ಹೆಸರು ಹಿಡಿದು ಮನೆ ಮನೆಗೆ ಬಂದವು. ಈಗ ಅಪ್ಪೆಮಿಡಿಗೆ ಭೌಗೋಳಿಕ ಸೂಚಿಕೆಯೂ ಇದೆ. ಕಂಚಿ, ಮಾದಲಕ್ಕೆ ಈ ಕೆಲಸವನ್ನು ಇನ್ನೂ ಯಾರೂ ಸರಿಯಾಗಿ ಮಾಡಿಲ್ಲ.

ಹಾಗಾಗಿ ಮೊದಲ ಕೆಲಸ ತಾಯಿಮರ ಹುಡುಕುವುದು. ಹೆಸರು ನಂಬಿಕೊಂಡು ಹೊರಟರೆ ಕಷ್ಟ. ಒಂದೂರಿನ ಹೇರಳೆ ಇನ್ನೊಂದೂರಿನ ಕಂಚಿ. ನರ್ಸರಿಯಲ್ಲೂ ಇದೇ ಗೊಂದಲ. ನಾನು ಮರ ನೋಡುತ್ತೇನೆ, ಕಾಯಿ ತರುತ್ತೇನೆ, ಆಯಿಯ (ಅಮ್ಮನ) ಮುಂದೆ ಇಡುತ್ತೇನೆ. ಆಯಿ ಮೊದಲು ಉಗುರಿನಿಂದ ಸಿಪ್ಪೆ ಗೀರಿ ಮೂಸುತ್ತಾಳೆ. ಆಮೇಲೆ ಅಡ್ಡ ಕೊಯ್ದು ಒಂದು ಹನಿ ರಸ ನಾಲಿಗೆಗೆ. ಕೊನೆಗೆ ಸಿಪ್ಪೆಯ ಬಿಳಿ ಭಾಗವನ್ನು ಚೂರು ಕಚ್ಚಿ ಅಗಿಯುತ್ತಾಳೆ. "ಹುಳಿ ಚೊಲೊ ಇದ್ದು, ಸಿಪ್ಪೆ ಬ್ಯಾಡ" ಅಂದರೆ ಅದು ಪಾನಕದ ಮರ. "ಇದು ಉಪ್ಪಿಗೆ ಆಗ್ತು" ಅಂದರೆ ಉಪ್ಪಿನಕಾಯಿಯ ಮರ. ಇನ್ನು ಕೆಲವು ಯಾವುದಕ್ಕೂ ಆಗುವುದಿಲ್ಲ. ಪಾಸಾದ ಮರಕ್ಕೂ ಮುಂದಿನ ವರ್ಷ ಮತ್ತೆ ಇದೇ ಪರೀಕ್ಷೆ. ಮಳೆ ಜಾಸ್ತಿಯಾದ ವರ್ಷ ರಸ ನೀರಾಗಿರುತ್ತದೆ, ಒಂದೇ ಸಲ ನೋಡಿ ತೀರ್ಮಾನ ಮಾಡುವಂತಿಲ್ಲ.

ಗಿಡ ಮಾಡುವಾಗ ಒಂದು ವಿಷಯ ಗೊತ್ತಿರಬೇಕು. ನಿಂಬೆ ಜಾತಿಯ ಎಲ್ಲ ಬೀಜವೂ ಒಂದೇ ಥರ ಅಲ್ಲ. ನಿಂಬೆ, ಜಂಬೀರಿಯಂಥವುಗಳ ಒಂದು ಬೀಜದಿಂದ ಎರಡು ಮೂರು ಸಸಿ ಏಳುವುದನ್ನು ನೀವು ನೋಡಿರಬಹುದು. ಅದರಲ್ಲಿ ಹೆಚ್ಚಿನವು ಪರಾಗಸ್ಪರ್ಶದಿಂದ ಹುಟ್ಟಿದವಲ್ಲ, ತಾಯಿಯ ಅಂಗಾಂಶದಿಂದಲೇ ಹುಟ್ಟಿದವು. ಹಾಗಾಗಿ ತಾಯಿಯ ಗುಣವೇ ಬರುತ್ತದೆ. ಮಾದಲ ಮತ್ತು ಚಕ್ಕೋತ ಹಾಗಲ್ಲ. ಒಂದು ಬೀಜಕ್ಕೆ ಒಂದೇ ಸಸಿ, ಅದು ತಾಯಿಯಂತೆ ಇರುತ್ತದೆ ಅನ್ನುವ ಭರವಸೆ ಇಲ್ಲ. ಮಾದಲವನ್ನು ನಾನು ಬೀಜದಿಂದ ಮಾಡುವುದೇ ಇಲ್ಲ. ಅದರ ಕಡ್ಡಿ ಸುಲಭವಾಗಿ ಬೇರು ಬಿಡುತ್ತದೆ, ಗೂಟಿಯೂ (ಮರದಲ್ಲಿರುವ ಟೊಂಗೆಗೇ ಬೇರು ಬರಿಸುವುದು) ಚೆನ್ನಾಗಿ ಆಗುತ್ತದೆ. ಕಂಚಿಗೆ ಗೂಟಿ, ಇಲ್ಲದಿದ್ದರೆ ಜಂಬೀರಿ ಬುಡದ ಮೇಲೆ, ಅಂದರೆ ಬೀಜದಿಂದ ಬೆಳೆಸಿದ ಜಂಬೀರಿ ಸಸಿಯ ಮೇಲೆ, ಕಂಚಿಯ ಮೊಗ್ಗು ಕೂರಿಸುವ ಕಣ್ಣು ಕಸಿ. ಬುಡಕ್ಕೆ ಬೇಕಾದ ಬೀಜವನ್ನು ಹಣ್ಣು ಕೊಯ್ದ ಕೂಡಲೇ ತೊಳೆದು ಹಾಕಬೇಕು. ಒಣಗಿಸಿ ಇಟ್ಟರೆ ಮೊಳಕೆ ಶಕ್ತಿ ಬೇಗ ಹೋಗುತ್ತದೆ.

ಬೀಜದ ಗಿಡ ಫಲಕ್ಕೆ ಬರಲು ಐದಾರು ವರ್ಷಕ್ಕಿಂತ ಜಾಸ್ತಿಯೇ ತೆಗೆದುಕೊಳ್ಳುತ್ತದೆ, ಮೈತುಂಬ ಮುಳ್ಳು ಬೇರೆ. ಗೂಟಿ ಗಿಡ ಎರಡು ಮೂರು ವರ್ಷಕ್ಕೇ ಹೂ ತೋರಿಸುತ್ತದೆ, ಮುಳ್ಳೂ ಕಡಿಮೆ. ಬೇಲಿಸಾಲಿಗೆ ಮಾತ್ರ ನಾನು ಬೇಕೆಂದೇ ಬೀಜದ ಗಿಡ ಹಾಕುತ್ತೇನೆ. ಆ ಮುಳ್ಳು ದಾಟಿ ದನ ಒಳಗೆ ಬರುವುದಿಲ್ಲ.

ಅಡಿಕೆ ಮರದ ನೆರಳಿನಲ್ಲಿ ಇವು ಚೆನ್ನಾಗಿ ಕಾಯಿ ಬಿಡುವುದಿಲ್ಲ. ಬಿಸಿಲು ಬೇಕು. ತೋಟದ ಅಂಚು, ಬೇಣದ ಇಳಿಜಾರು ಸರಿಯಾದ ಜಾಗ. ನೀರು ನಿಲ್ಲಬಾರದು, ಇದು ಮುಖ್ಯ. ನಮ್ಮ ಮಳೆಗೆ ಬುಡದ ತೊಗಟೆ ಒಡೆದು ಅಂಟು ಸೋರುವ ರೋಗ ಬರುತ್ತದೆ. ಅಡಿಕೆಗೆ ಕೊಳೆ ತರುವ ಫೈಟೋಫ್ತೊರಾ ಇದೆಯಲ್ಲ, ಅದೇ ಕುಲದ ಶಿಲೀಂಧ್ರದ ಕೆಲಸ ಇದೂ. ಅಡಿಕೆ ಬೆಳೆಗಾರನಿಗೆ ಇದರ ಮದ್ದು ಮನೆಯಲ್ಲೇ ಇದೆ. ಕೊಳೆ ಮದ್ದು ಹೊಡೆಯುವ ದಿನ, 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರಿನ ಅದೇ ಬೋರ್ಡೋ ದ್ರಾವಣವನ್ನು ಈ ಗಿಡಗಳಿಗೂ ಹೊಡೆಸುತ್ತೇನೆ. ಮಳೆಗೆ ಮುಂಚೆ ಅಷ್ಟೇ ಮೈಲುತುತ್ತು, ಸುಣ್ಣವನ್ನು 10 ಲೀಟರ್ ನೀರಿನಲ್ಲಿ ಮುಲಾಮಿನಂತೆ ದಪ್ಪಗೆ ಕಲಸಿ ಬುಡಕ್ಕೆ ಬಳಿಯುತ್ತೇನೆ. ಕಸಿ ಕಟ್ಟಿದ ಜಾಗ ಯಾವತ್ತೂ ಮಣ್ಣಿನಿಂದ ಮೇಲಿರಬೇಕು. ಎಳೆ ಚಿಗುರಿಗೆ ನಿಂಬೆ ಚಿಟ್ಟೆಯ ಹುಳು ಬರುತ್ತದೆ. ಮರಿಯಿದ್ದಾಗ ಹಕ್ಕಿ ಹಿಕ್ಕೆಯಂತೆಯೇ ಕಾಣುವುದರಿಂದ ಕಣ್ಣು ತಪ್ಪಿಸುತ್ತದೆ. ಗಿಡ ಚಿಕ್ಕದಿರುವಾಗ ಕೈಯಲ್ಲಿ ಹೆಕ್ಕಿದರೆ ಸಾಕು.

ಮಂಗನ ವಿಷಯ ಹೇಳಲೇಬೇಕು. ಮಲೆನಾಡಿನಲ್ಲಿ ಬಾಳೆ, ಕಿತ್ತಳೆ, ಏಲಕ್ಕಿ ಏನು ಹಾಕಿದರೂ ಮಂಗನ ಪಾಲು ಮೊದಲು. ಕಂಚಿಯನ್ನು ನಮ್ಮಲ್ಲಿ ಅವು ಕಿತ್ತು, ಕಚ್ಚಿ ನೋಡಿ, ಎಸೆದು ಹೋಗುತ್ತವೆ. ಆಮೇಲೆ ಆ ಮರದ ತಂಟೆಗೆ ಹೆಚ್ಚು ಬರುವುದಿಲ್ಲ. ಇದೊಂದೇ ಕಾರಣಕ್ಕೆ ನಮ್ಮ ಅಕ್ಕಪಕ್ಕದವರು ಎರಡೆರಡು ಗಿಡ ಒಯ್ದಿದ್ದಾರೆ.

ಹಣ್ಣಾಗುವುದು ಚಳಿಗಾಲದಲ್ಲಿ. ಅದೇ ಹೊತ್ತಿಗೆ ಅಡಿಕೆ ಕೊಯ್ಲು, ಆಳು ಸಿಗುವುದಿಲ್ಲ. ಆದರೆ ಮಾಗಿದ ಕಂಚಿ ಮರದಲ್ಲೇ ವಾರಗಟ್ಟಲೆ ನಿಲ್ಲುತ್ತದೆ. ಅಡಿಕೆ ಕೊಯ್ಲಿನ ಗಡಿಬಿಡಿ ಮುಗಿಸಿ ನಿಧಾನವಾಗಿ ಕೊಯ್ಯಬಹುದು. ಚಿಕ್ಕೂ, ಪಪಾಯ ಹೀಗೆ ಕಾಯುವುದಿಲ್ಲ ಅಲ್ವಾ?

ಇನ್ನು ಅಡುಗೆಮನೆಯ ಮಾತು. ಕಂಚಿ ಪಾನಕ ಮಾಡಿದ ಕೂಡಲೇ ಕುಡಿದರೆ ಸೊಗಸು, ಅದೇ ಪಾನಕ ಸಂಜೆಯ ಹೊತ್ತಿಗೆ ಕಹಿ ಅನ್ನುವ ದೂರು ಎಲ್ಲ ಮನೆಯಲ್ಲೂ ಇದೆ. ಇದಕ್ಕೆ ಕಾರಣ ಲಿಮೋನಿನ್ ಅನ್ನುವ ಕಹಿ ವಸ್ತು. ಹಣ್ಣಿನೊಳಗೆ ಇರುವಾಗ ಅದು ಕಹಿಯಿಲ್ಲದ ಬೇರೊಂದು ರೂಪದಲ್ಲಿ ಇರುತ್ತದೆ. ಹಿಂಡಿದಾಗ ರಸದ ಹುಳಿಗೆ ಸಿಕ್ಕಿ ನಿಧಾನಕ್ಕೆ ಕಹಿಯಾಗಿ ಬದಲಾಗುತ್ತದೆ. ಬಿಸಿ ಮಾಡಿದರೆ ಇನ್ನೂ ಬೇಗ. ಬೀಜದಲ್ಲಿ, ಒಳಗಿನ ಪೊರೆಯಲ್ಲಿ, ಬಿಳಿ ಭಾಗದಲ್ಲಿ ಅದು ಜಾಸ್ತಿ. ಇದು ಗೊತ್ತಾದ ಮೇಲೆ ನಮ್ಮ ಪದ್ಧತಿ ಹೀಗೆ: ಹಣ್ಣನ್ನು ಅಡ್ಡ ಕೊಯ್ದು ಬೀಜ ಮೊದಲೇ ತೆಗೆಯುವುದು, ಕೈಯಲ್ಲಿ ಹಗುರವಾಗಿ ಹಿಂಡುವುದು, ಯಂತ್ರಕ್ಕೆ ಹಾಕದಿರುವುದು. ಕೊನೆಯ ಹನಿಯ ಆಸೆ ಬಿಡಬೇಕು. ಕಹಿ ಬರುವುದು ಆ ಕೊನೆಯ ಹನಿಯಲ್ಲೇ. ಸಕ್ಕರೆ ಪಾಕವನ್ನು ಬೇರೆಯೇ ಕುದಿಸಿ, ಪೂರ್ತಿ ಆರಿದ ಮೇಲೆ ರಸ ಸೇರಿಸುತ್ತೇವೆ. ರಸವನ್ನು ಒಲೆಯ ಮೇಲೆ ಇಡುವುದೇ ಇಲ್ಲ. ಸ್ಕ್ವಾಷ್ ಅಂತ ಹೆಸರು ಹಾಕಿ ಮಾರಬೇಕಾದರೆ ಕನಿಷ್ಠ 25% ಹಣ್ಣಿನ ರಸ ಇರಬೇಕು ಅನ್ನುತ್ತದೆ ಆಹಾರ ಸುರಕ್ಷತೆಯ ನಿಯಮ. ಕಂಚಿಯ ಹುಳಿಗೆ ಅಷ್ಟು ಹಾಕಿದರೆ ಒಂದು ಬಾಟಲಿ ಬಹಳ ದಿನ ಬರುತ್ತದೆ.

ಸಿಪ್ಪೆ ಎಸೆಯುವಂತಿಲ್ಲ. ಹಿಂಡಿದ ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ, ಎಣ್ಣೆಯಲ್ಲಿ ಅರಿಶಿನ ಹಾಕಿ ಬಾಡಿಸಿ, ಬೆಲ್ಲ, ಉಪ್ಪು, ಹುರಿದ ಒಣಮೆಣಸು, ಎಳ್ಳು ಸೇರಿಸಿ ಕುದಿಸಿದರೆ ಗೊಜ್ಜು. ಇಲ್ಲಿ ಕಹಿ ದೋಷವಲ್ಲ, ಹದ. ಉಪ್ಪು ಬೆರೆಸಿ ಬಿಸಿಲಿಗೆ ಒಣಗಿಸಿಟ್ಟರೆ ಕಂಚಿಸಟ್ಟು, ಮಳೆಗಾಲದ ತಂಬುಳಿಗೆ ಆಗುತ್ತದೆ. ದೊಡ್ಲಿಯ ದಪ್ಪ ಸಿಪ್ಪೆಯನ್ನು ಉಪ್ಪಿನಲ್ಲಿ ಚೆನ್ನಾಗಿ ಕಳಿಯಲು ಬಿಟ್ಟು, ಕಹಿ ಇಳಿದ ಮೇಲೆಯೇ ಖಾರ ಹಾಕುತ್ತೇವೆ. ಅವಸರ ಮಾಡಬಾರದು. ಮಾದಲದಲ್ಲಿ ರಸ ಇಲ್ಲವೇ ಇಲ್ಲ ಅನ್ನಬಹುದು, ಹಣ್ಣಿನ ಮುಕ್ಕಾಲು ಪಾಲು ಬಿಳಿ ತಿರುಳು. ಅದು ಕಹಿ ಇಲ್ಲ, ತೆಳ್ಳಗೆ ಹೆಚ್ಚಿ ಉಪ್ಪು, ಹಸಿಮೆಣಸು ಹಾಕಿ ಹಾಗೇ ತಿನ್ನಬಹುದು. ವಾಂತಿ, ಓಕರಿಕೆಗೆ ಆಯುರ್ವೇದದ ಅಂಗಡಿಯಲ್ಲಿ ಸಿಗುವ ಮಾದಿಫಲ ರಸಾಯನ ಇದರದ್ದೇ.

ಹಣ್ಣನ್ನು ಹಾಗೇ ಸಂತೆಗೆ ಒಯ್ದರೆ ದುಡ್ಡಾಗುವುದಿಲ್ಲ. ತೂಕ ಜಾಸ್ತಿ, ಕೇಳುವವರು ಕಡಿಮೆ. ನಾನು ಮನೆಯಲ್ಲಿ ಮಾಡಿ ಮಾರುತ್ತೇನೆ, ಉಳಿದದ್ದು ಉಪ್ಪಿನಕಾಯಿ ಮಾಡುವ ಮಹಿಳಾ ಗುಂಪುಗಳಿಗೆ ಹೋಗುತ್ತದೆ. ಬೆಂಗಳೂರಿಗೆ ಹೋದ ನಮ್ಮ ಕಡೆಯವರು ಗೊಜ್ಜನ್ನು ಹುಡುಕಿಕೊಂಡು ಬರುತ್ತಾರೆ. ಇದು ಸಣ್ಣ ವ್ಯಾಪಾರ ಅಂತ ಅನ್ನಿಸಿದರೆ ಜಪಾನಿನ ಉಮಾಜಿ ಅನ್ನುವ ಹಳ್ಳಿಯನ್ನು ನೋಡಬೇಕು. ಶಿಕೊಕು ದ್ವೀಪದ ಕೋಚಿ ಪ್ರಾಂತ್ಯದ ಗುಡ್ಡಗಾಡಿನ ಸಣ್ಣ ಊರು ಅದು. ಅಲ್ಲಿನ ಯುಜು ಕೂಡ ನಮ್ಮ ಕಂಚಿಯ ಹಾಗೆ ಹುಳಿ, ಬೀಜ ತುಂಬಿದ, ಸಿಪ್ಪೆಯ ಘಮಕ್ಕೇ ಬೆಲೆಯಿರುವ ಹಣ್ಣು. ಪಾನೀಯ, ಹುಳಿ ಸಾಸ್ ಮಾಡಿ ದೇಶಕ್ಕೆಲ್ಲ ಮಾರಿ ಆ ಊರು ಹೆಸರು ಮಾಡಿತು. ಯುಜುವನ್ನು ಅವರು ಕಿತ್ತಳೆ ಮಾಡಲು ಹೋಗಲಿಲ್ಲ.

ಇವುಗಳ ಬೆಲೆ ಅಡುಗೆಮನೆಗೇ ಮುಗಿಯುವುದಿಲ್ಲ. ನಾಗಪುರದ ಕಿತ್ತಳೆ ತೋಟಗಳು ನಿಂತಿರುವುದು ಜಂಬೀರಿ, ರಂಗಪುರ ನಿಂಬೆಯ ಬುಡದ ಮೇಲೆ. ಕೊಡಗಿನ ಕಿತ್ತಳೆ ಟ್ರಿಸ್ಟೆಜಾ ವೈರಸ್ಸಿಗೆ, ಗ್ರೀನಿಂಗ್ ರೋಗಕ್ಕೆ ಸಿಕ್ಕಿ ಎಷ್ಟು ಸೊರಗಿತು ಅಂತ ಕೊಡಗಿನವರಿಗೆ ಗೊತ್ತು. ಮುಂದೆ ಬರುವ ರೋಗಕ್ಕೆ ತಾಳುವ ಬುಡ ಯಾವ ಹಿತ್ತಲಲ್ಲಿದೆ ಅಂತ ಯಾರು ಹೇಳುತ್ತಾರೆ? ನಿಂಬೆ ಜಾತಿಯ ತವರು ಹಿಮಾಲಯದ ಆಗ್ನೇಯ ತಪ್ಪಲು, ಅಂದರೆ ಅಸ್ಸಾಂ, ಉತ್ತರ ಮ್ಯಾನ್ಮಾರ್, ಯುನ್ನಾನಿನ ಕಡೆ ಅಂತ 2018ರಲ್ಲಿ ಬಂದ ಜೀನೋಮ್ (ವಂಶವಾಹಿ) ಅಧ್ಯಯನ ಹೇಳಿತು. ಮೇಘಾಲಯದ ಗಾರೋ ಬೆಟ್ಟದ ನೊಕ್ರೆಕ್‌ನಲ್ಲಿ ಸಿಟ್ರಸ್ ಇಂಡಿಕಾ ಅನ್ನುವ ಕಾಡುಕಿತ್ತಳೆಗೋಸ್ಕರ ಕಾಡನ್ನೇ ಮೀಸಲಿಟ್ಟಿದ್ದಾರೆ. ನಮ್ಮಲ್ಲಿ ಹಾಗೆ ಮೀಸಲಿಟ್ಟ ಜಾಗ ಬೇಕಾಗಿಲ್ಲ. ಹಿತ್ತಲ ಮರವನ್ನು ಕಡಿಯದೆ, ಅದರಿಂದ ನಾಲ್ಕು ಗೂಟಿ ಕಟ್ಟಿ ನಾಲ್ಕು ಮನೆಗೆ ಹಂಚಿದರೆ ತಳಿ ಉಳಿಯುತ್ತದೆ.

ಗೂಟಿಗೆ ಆರ್ದ್ರಾ ಮಳೆ ಒಳ್ಳೆಯದು. ಪೆನ್ಸಿಲ್ ದಪ್ಪದ, ನೆಟ್ಟಗಿನ ಟೊಂಗೆ ಆರಿಸಿ. ಒಂದು ಇಂಚು ಅಗಲ ತೊಗಟೆಯನ್ನು ಸುತ್ತ ಬಿಡಿಸಿ, ಒಳಗಿನ ಜಾರು ಪದರವನ್ನು ಚಾಕುವಿನ ಬೆನ್ನಿನಿಂದ ಕೆರೆದು ತೆಗೆಯಿರಿ. ಅದು ಉಳಿದರೆ ತೊಗಟೆ ಮತ್ತೆ ಕೂಡಿಕೊಂಡು ಬೇರು ಬರುವುದಿಲ್ಲ. ಒದ್ದೆ ಪಾಚಿ ಸುತ್ತಿ, ಪ್ಲಾಸ್ಟಿಕ್ ಹಾಳೆಯಿಂದ ಎರಡೂ ಕಡೆ ಬಿಗಿಯಾಗಿ ಕಟ್ಟಿ. ಎರಡು ತಿಂಗಳ ಹೊತ್ತಿಗೆ ಬಿಳಿ ಬೇರು ಹೊರಗೇ ಕಾಣುತ್ತದೆ. ಕತ್ತರಿಸಿ ಕೊಟ್ಟೆಗೆ (ಮಣ್ಣು ತುಂಬಿದ ಚೀಲಕ್ಕೆ) ಹಾಕಿ, ನೆರಳಲ್ಲಿಡಿ. ನೆಡುವುದು ಮುಂದಿನ ಮಳೆಗಾಲಕ್ಕೆ. ನಮ್ಮೂರ ರಸ್ತೆ ಅಗಲ ಮಾಡಲು ಗುರುತು ಹಾಕಿದ್ದಾರೆ. ಆ ಗುರುತಿನೊಳಗೆ ಆಯಿ "ಉಪ್ಪಿಗೆ ಆಗ್ತು" ಅಂದ ಒಂದು ದೊಡ್ಲಿ ಮರ ಇದೆ. ಈ ಸಲದ ಗೂಟಿಯೆಲ್ಲ ಅದಕ್ಕೇ. ಗಿಡ ಬೇಕು ಅಂತ ಈಗಲೇ ಹೇಳಿಟ್ಟವರಿಗೆ ಮೊದಲು ಕೊಡುತ್ತೇನೆ.