ಕೋಟರ್ ಬಂದರಿನಲ್ಲಿ ನಾಲ್ಕು ಗಂಟೆ

ಕ್ರೂಸ್ ಹಡಗುಗಳಲ್ಲಿ ಕ್ಯಾಬಿನ್ ಪರಿಚಾರಕನಾಗಿ ನಾನು ಮೂರು ಕಾಂಟ್ರಾಕ್ಟ್ ಮುಗಿಸಿದ್ದೇನೆ. ಒಂದೊಂದೂ ಏಳೆಂಟು ತಿಂಗಳಿನದು. ಅವಧಿ ಮುಗಿಯುವವರೆಗೆ ವಾರದ ರಜೆ ಎಂಬುದಿಲ್ಲ. ಹಡಗಿನಲ್ಲಿ ಕೆಲಸ ಮಾಡುವವರು ದೇಶದೇಶಗಳನ್ನು ನೋಡಿ ಬರುತ್ತಾರೆ ಎಂದು ಅನೇಕರು ಭಾವಿಸುತ್ತಾರೆ. ಹಡಗು ದೇಶ ಸುತ್ತುವುದು ನಿಜ. ಆದರೆ ಅದು ಬಂದರಿನಲ್ಲಿ ನಿಲ್ಲುವ ಒಂಬತ್ತು ಹತ್ತು ಗಂಟೆಗಳಲ್ಲಿ ನನ್ನಂಥವರ ಪಾಲಿಗೆ ಬರುವುದು ಎರಡರಿಂದ ನಾಲ್ಕು ಗಂಟೆ, ಅದೂ ಹಿಂದಿನ ರಾತ್ರಿಯೇ ಸಿದ್ಧತೆ ಮಾಡಿಕೊಂಡಿದ್ದರೆ. ಆ ಗಂಟೆಗಳನ್ನು ನಾನು ಹೇಗೆ ಉಳಿಸಿಕೊಳ್ಳುತ್ತಿದ್ದೆ, ಮಾಂಟೆನೆಗ್ರೊ ದೇಶದ ಕೋಟರ್‌ನಲ್ಲಿ ಒಂದು ದಿನ ಅವನ್ನು ಹೇಗೆ ಬಳಸಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ವಿಭಾಗದಲ್ಲಿ 18 ಕ್ಯಾಬಿನ್‌ಗಳಿದ್ದವು. ಬೆಳಿಗ್ಗೆ ಏಳೂವರೆಗೆ ಶುರುವಾದರೆ ಹಾಸಿಗೆ, ಸ್ನಾನದ ಮನೆ, ಬಾಲ್ಕನಿಯ ಗಾಜು, ಕಸ, ಟವೆಲ್ ಎಲ್ಲವೂ ಮುಗಿಯುವಾಗ ಮಧ್ಯಾಹ್ನ ಒಂದು ಗಂಟೆ ಆಗುತ್ತಿತ್ತು. ಸಂಜೆ ಐದೂವರೆಗೆ ಮತ್ತೆ ಅದೇ ಕ್ಯಾಬಿನ್‌ಗಳಿಗೆ ಹೋಗಿ, ಹೊದಿಕೆ ಮಡಚಿ, ಪರದೆ ಎಳೆದು, ಮರುದಿನದ ಕಾರ್ಯಕ್ರಮದ ಹಾಳೆಯನ್ನು ಇಟ್ಟು ಬರಬೇಕು. ಅದು ರಾತ್ರಿ ಒಂಬತ್ತೂವರೆಯವರೆಗೆ ನಡೆಯುತ್ತಿತ್ತು. 2006ರ ಸಾಗರ ಕಾರ್ಮಿಕ ಒಪ್ಪಂದದ ಪ್ರಕಾರ ಹಡಗಿನ ಕೆಲಸಗಾರನಿಗೆ 24 ಗಂಟೆಗಳಲ್ಲಿ ಕನಿಷ್ಠ 10 ಗಂಟೆ, ಏಳು ದಿನಗಳಲ್ಲಿ 77 ಗಂಟೆ ವಿಶ್ರಾಂತಿ ಸಿಗಬೇಕು; ಆ ಹತ್ತು ಗಂಟೆಯನ್ನು ಎರಡಕ್ಕಿಂತ ಹೆಚ್ಚು ತುಂಡು ಮಾಡುವಂತಿಲ್ಲ, ಒಂದು ತುಂಡು ಆರು ಗಂಟೆಗೆ ಕಡಿಮೆ ಇರುವಂತಿಲ್ಲ. ವಿಶ್ರಾಂತಿಯ ಲೆಕ್ಕದ ದಾಖಲೆಗೆ ನಾವೇ ಸಹಿ ಹಾಕುತ್ತಿದ್ದೆವು. ಹೊಸದಾಗಿ ಸೇರಿದಾಗ ನಾನು ಓದದೆ ಸಹಿ ಹಾಕುತ್ತಿದ್ದೆ. ಎರಡನೆಯ ಕಾಂಟ್ರಾಕ್ಟ್‌ನಿಂದ ಪ್ರತಿ ಸಾಲನ್ನೂ ಓದತೊಡಗಿದೆ, ಏಕೆಂದರೆ ದಡಕ್ಕೆ ಇಳಿದು ಕಳೆಯುವ ಸಮಯವೂ ಆ ವಿಶ್ರಾಂತಿಯ ಲೆಕ್ಕದಲ್ಲೇ ಬರುತ್ತದೆ. ಮಧ್ಯಾಹ್ನ ಊರು ನೋಡಲು ಹೋದವನು ಆ ಹೊತ್ತಿನ ನಿದ್ದೆಯನ್ನು ಬಿಟ್ಟುಕೊಡಬೇಕು. ಹಾಗಾಗಿ ದಡಕ್ಕೆ ಇಳಿಯಬೇಕೆಂದಿದ್ದ ದಿನದ ಹಿಂದಿನ ರಾತ್ರಿ ಸಿಬ್ಬಂದಿಯ ಬಾರ್ ಕಡೆಗೆ ಹೋಗದೆ ಹತ್ತೂವರೆಗೆ ಮಲಗುವುದನ್ನು ನಾನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದೆ.

ಮಲಗುತ್ತಿದ್ದ ಜಾಗ ಹಡಗಿನ ಮುಂಭಾಗದಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ ಇತ್ತು. ಇಬ್ಬರಿಗೆ ಒಂದು ಕೋಣೆ, ಒಂದರ ಮೇಲೊಂದು ಮಂಚ, ಮಂಚಕ್ಕೊಂದು ಪರದೆ, ಕಿಟಕಿ ಇಲ್ಲ. ಬೆಳಗಾಯಿತೋ ಇಲ್ಲವೋ ಎಂಬುದು ಗಡಿಯಾರ ನೋಡಿದರೆ ಮಾತ್ರ ತಿಳಿಯುತ್ತಿತ್ತು. ಆದರೆ ಬಂದರು ಬಂತೆಂಬುದು ಗಡಿಯಾರವಿಲ್ಲದೆಯೂ ತಿಳಿಯುತ್ತಿತ್ತು. ಹಡಗನ್ನು ಪಕ್ಕಕ್ಕೆ ತಳ್ಳಿ ಧಕ್ಕೆಗೆ ಸೇರಿಸುವ ಮುಂಭಾಗದ ಥ್ರಸ್ಟರ್‌ಗಳು ಓಡತೊಡಗಿದಾಗ ನನ್ನ ದಿಂಬಿನ ಪಕ್ಕದ ಉಕ್ಕಿನ ಗೋಡೆ ನಡುಗುತ್ತಿತ್ತು. ಆ ನಡುಕ ನಿಂತಿತೆಂದರೆ ಹಗ್ಗ ಕಟ್ಟಿ ಆಯಿತೆಂದು ಅರ್ಥ.

ದಡಕ್ಕೆ ಇಳಿಯಲು ಅಡ್ಡಿಗಳು ಹಲವು. ಹಡಗು ಬಂದರಿನಲ್ಲಿದ್ದರೂ ಬೆಂಕಿ ಮೊದಲಾದ ಅನಾಹುತಗಳನ್ನು ಎದುರಿಸುವಷ್ಟು ಜನ ಹಡಗಿನಲ್ಲೇ ಉಳಿಯಬೇಕು. ಅದಕ್ಕಾಗಿ ಸಿಬ್ಬಂದಿಯನ್ನು ಗುಂಪುಗಳಾಗಿ ವಿಂಗಡಿಸಿ, ಒಂದೊಂದು ಬಂದರಿನಲ್ಲಿ ಒಂದೊಂದು ಗುಂಪನ್ನು ಉಳಿಸಿಕೊಳ್ಳುತ್ತಾರೆ. ಗುಂಪಿನ ಸರದಿಯನ್ನು ಮೇಲಧಿಕಾರಿಯ ಒಪ್ಪಿಗೆಯಿಂದ ಸಹೋದ್ಯೋಗಿಯೊಂದಿಗೆ ಬದಲಿಸಿಕೊಳ್ಳಬಹುದಿತ್ತು. ನನಗೆ ಕೋಟರ್ ಬೇಕಿತ್ತು, ಜತೆಯ ಕೋಣೆಯವನಿಗೆ ಗ್ರೀಸಿನ ಕಾರ್ಫು ದ್ವೀಪ ಬೇಕಿತ್ತು. ಇಬ್ಬರೂ ಎರಡು ವಾರ ಮೊದಲೇ ಬರೆದುಕೊಟ್ಟೆವು. ಹಿಂದಿನ ದಿನ ಕೇಳಿದವರಿಗೆ ಆ ಅವಕಾಶ ಸಿಕ್ಕಿದ್ದನ್ನು ನಾನು ಕಂಡಿಲ್ಲ.

ಎರಡನೆಯ ಅಡ್ಡಿ ಸುರಕ್ಷತಾ ಡ್ರಿಲ್. ಪ್ರಯಾಣಿಕರು ಊರು ನೋಡಲು ಹೋದ ಹೊತ್ತಿನಲ್ಲೇ ಸಿಬ್ಬಂದಿಯ ಡ್ರಿಲ್ ಇಡುವುದು ವಾಡಿಕೆ. ಏಳು ಗಿಡ್ಡ ಶಿಳ್ಳೆ, ಒಂದು ಉದ್ದ ಶಿಳ್ಳೆ ಕೇಳಿದ ಕೂಡಲೇ ಜೀವರಕ್ಷಕ ಕವಚ ತೊಟ್ಟು ನನ್ನ ವಿಭಾಗದ ಪ್ರತಿ ಕ್ಯಾಬಿನ್ನಿನ ಬಾಗಿಲು ತೆರೆದು, ಸ್ನಾನದ ಮನೆಯನ್ನೂ ಮಂಚದ ಕೆಳಗನ್ನೂ ನೋಡಿ, ಯಾರೂ ಉಳಿದಿಲ್ಲವೆಂಬ ಗುರುತನ್ನು ಬಾಗಿಲಿಗೆ ಹಾಕುವುದು ನನ್ನ ಕೆಲಸವಾಗಿತ್ತು. ಒಳ್ಳೆಯ ಬಿಸಿಲಿನ ದಿನ, ಹೊರಗೆ ಊರು ಕಾಣುತ್ತಿರುವಾಗ, ಖಾಲಿ ಕ್ಯಾಬಿನ್‌ಗಳಲ್ಲಿ ಇಲ್ಲದವರನ್ನು ಹುಡುಕುವುದು ಕಷ್ಟವೇ. ಆದರೂ ಅದನ್ನು ನಾನು ಎಂದೂ ಕಾಟಾಚಾರಕ್ಕೆ ಮಾಡಲಿಲ್ಲ. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲ್ಯೊ ದ್ವೀಪದ ಬಳಿ ಕೋಸ್ಟಾ ಕಾಂಕೋರ್ಡಿಯಾ ಹಡಗು ಬಂಡೆಗೆ ಬಡಿದು 32 ಜನ ಸತ್ತರು. ಹಿಂದಿನ ದಿನಗಳಲ್ಲಿ ಹತ್ತಿದ್ದವರಿಗೆ ತರಬೇತಿ ಆಗಿತ್ತು; ಅಂದೇ ಹತ್ತಿದ್ದ ನೂರಾರು ಜನರಿಗೆ ಇನ್ನೂ ಆಗಿರಲಿಲ್ಲ. ಹೊಸ ಪ್ರಯಾಣಿಕರಿಗೆ ಹಡಗು ಹೊರಡುವ ಮೊದಲು ಅಥವಾ ಹೊರಟ ತಕ್ಷಣ ಈ ತರಬೇತಿ ಕೊಡಲೇಬೇಕೆಂಬ ನಿಯಮ 2015ರಲ್ಲಿ ಜಾರಿಗೆ ಬಂತು.

ಇವೆರಡೂ ಇಲ್ಲದ ದಿನ ಸಿಕ್ಕಾಗ ಉಳಿಯುವ ಪ್ರಶ್ನೆ ಕೆಲಸವನ್ನು ಎಷ್ಟು ಬೇಗ ಮುಗಿಸಬಹುದು ಎಂಬುದು. ಕಡಲಲ್ಲೇ ಸಾಗುವ ದಿನ ಪ್ರಯಾಣಿಕರು ಹನ್ನೊಂದರವರೆಗೂ ಮಲಗಿರುತ್ತಾರೆ, ನಾವು ಬಾಗಿಲಿಂದ ಬಾಗಿಲಿಗೆ ಅಲೆಯುತ್ತಿರುತ್ತೇವೆ. ಬಂದರಿನ ದಿನ ಒಂಬತ್ತರ ಹೊತ್ತಿಗೆ ಸಾಲುಸಾಲು ಕ್ಯಾಬಿನ್‌ಗಳು ಖಾಲಿಯಾಗುತ್ತವೆ. ಹಿಂದಿನ ಸಂಜೆ ಹೊದಿಕೆ ಮಡಚಲು ಹೋದಾಗಲೇ ನಾನು ಪ್ರತಿಯೊಬ್ಬರನ್ನೂ ನಾಳೆ ಎಷ್ಟು ಹೊತ್ತಿಗೆ ಇಳಿಯುತ್ತೀರಿ ಎಂದು ಕೇಳಿ, ಚೀಟಿಯಲ್ಲಿ ಕ್ರಮವಾಗಿ ಬರೆದುಕೊಳ್ಳುತ್ತಿದ್ದೆ. ಟವೆಲ್ ಮತ್ತು ದಿಂಬಿನ ಚೀಲಗಳನ್ನು ರಾತ್ರಿಯೇ ಗಾಡಿಯಲ್ಲಿ ಜೋಡಿಸಿಡುತ್ತಿದ್ದೆ. ಈ ಚೀಟಿಯೊಂದರಿಂದಲೇ ನನಗೆ ಒಂದು ಗಂಟೆಗೂ ಹೆಚ್ಚು ಉಳಿತಾಯವಾಗುತ್ತಿತ್ತು.

ನಮ್ಮ ಹಡಗು ಗ್ರೀಸಿನ ಬಂದರುಗಳನ್ನು ಮುಗಿಸಿ ಇಟಲಿಯ ಟ್ರಿಯೆಸ್ಟೆಗೆ ಹಿಂತಿರುಗುವಾಗ ಕೋಟರ್‌ಗೆ ಬರುತ್ತಿತ್ತು. ಮೊದಲ ಬಾರಿ ಅಲ್ಲಿ ಇಳಿದಾಗ ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ಗ್ರೀಸಿನ ಸಮಯ ಮಾಂಟೆನೆಗ್ರೊಗಿಂತ ಒಂದು ಗಂಟೆ ಮುಂದೆ. ಹಡಗಿನ ಗಡಿಯಾರವನ್ನು ಆ ರಾತ್ರಿಯವರೆಗೂ ಗ್ರೀಸಿನ ಸಮಯದಲ್ಲೇ ಇಟ್ಟಿದ್ದರು. ನನ್ನ ಫೋನು ಮಾತ್ರ ದಡದ ಸಂಕೇತ ಸಿಕ್ಕ ಕೂಡಲೇ ತಾನಾಗಿ ಸ್ಥಳೀಯ ಸಮಯಕ್ಕೆ ಬದಲಾಯಿತು. ಸಿಬ್ಬಂದಿ ನಾಲ್ಕಕ್ಕೆ ಹಡಗಿನಲ್ಲಿರಬೇಕಿತ್ತು. ಫೋನಿನಲ್ಲಿ ಎರಡು ಮುಕ್ಕಾಲು ಎಂದು ನೋಡಿ ನಾನು ಚೌಕದಲ್ಲಿ ನೆಮ್ಮದಿಯಾಗಿ ಕುಳಿತಿದ್ದಾಗ ಹಡಗಿನಲ್ಲಿ ಮೂರು ಮುಕ್ಕಾಲು ಆಗಿತ್ತು. ನಮ್ಮವರೇ ಒಬ್ಬರು ಓಡುತ್ತಾ ಹೋಗುವುದನ್ನು ಕಂಡು ಹಿಂದೆಯೇ ಓಡಿದೆ. ಹಡಗಿಗೆ ಹತ್ತಿಳಿಯುವ ಸೇತುವೆಯಾದ ಗ್ಯಾಂಗ್‌ವೇ ತಲುಪುವಾಗ ನಾಲ್ಕಾಗಿ ಐದು ನಿಮಿಷ. ಹೆಸರು ಬರೆದುಕೊಂಡರು, ಎಚ್ಚರಿಕೆಯ ಪತ್ರ ಬಂತು. ನಮ್ಮ ಪಾಸ್‌ಪೋರ್ಟ್ ಹಡಗಿನ ಕಚೇರಿಯಲ್ಲಿರುತ್ತದೆ. ಹಡಗು ತಪ್ಪಿದರೆ ಕೈಯಲ್ಲಿ ಸಿಬ್ಬಂದಿಯ ಕಾರ್ಡು ಬಿಟ್ಟರೆ ಬೇರೇನೂ ಇರುವುದಿಲ್ಲ ಎಂಬ ಭಯ ನನಗೆ ಅಂದು ಮೊದಲ ಬಾರಿ ಸರಿಯಾಗಿ ತಟ್ಟಿತು. ಅಂದಿನಿಂದ ದಡಕ್ಕೆ ಇಳಿಯುವಾಗ ಕೈಗೆ ಸಾಮಾನ್ಯ ಮುಳ್ಳಿನ ಗಡಿಯಾರ ಕಟ್ಟಿಕೊಂಡು, ಗ್ಯಾಂಗ್‌ವೇಯ ಬಳಿಯ ಗಡಿಯಾರಕ್ಕೆ ಹೊಂದಿಸಿಕೊಂಡೇ ಹೊರಡುತ್ತಿದ್ದೆ.

ಸರದಿ ಬದಲಿಸಿಕೊಂಡ ಆ ದಿನ ಹನ್ನೊಂದು ಮುಕ್ಕಾಲಿಗೆ ಕೆಲಸ ಮುಗಿಯಿತು. ಹನ್ನೆರಡಕ್ಕೆ ಕಾರ್ಡು ತೋರಿಸಿ ಇಳಿದೆ. ಮೊದಲ ಅರ್ಧ ಗಂಟೆ ಮನೆಗೆ ಫೋನು. ಇದು ನನ್ನ ನಿಯಮವಾಗಿತ್ತು, ಏಕೆಂದರೆ ಹಿಂದೆ ಎಷ್ಟೋ ಬಂದರುಗಳಲ್ಲಿ ಸಿಕ್ಕ ಸಮಯವೆಲ್ಲ ಇಂಟರ್ನೆಟ್ ಸಿಗುವ ಮೊದಲ ಬೆಂಚಿನ ಮೇಲೆಯೇ ಕಳೆದುಹೋಗಿತ್ತು. ಅದರಲ್ಲಿ ತಪ್ಪೇನೂ ಇಲ್ಲ. ಮನೆಯವರ ದನಿ ಕೇಳಿದ ದಿನ ಸಂಜೆಯ ಕೆಲಸ ಹಗುರವಾಗುತ್ತದೆ. ಆದರೆ ಎಂಟು ತಿಂಗಳು ಬೆಂಚುಗಳನ್ನು ಮಾತ್ರ ನೋಡಿ ಹಿಂತಿರುಗುವುದು ನನಗೆ ಬೇಕಿರಲಿಲ್ಲ.

ಎರಡನೆಯ ನಿಯಮ, ಒಂದು ಬಂದರಿನಲ್ಲಿ ಒಂದೇ ಸಂಗತಿಯನ್ನು ನೋಡುವುದು. ಕೋಟರ್‌ನಲ್ಲಿ ನೋಡಬೇಕಾದದ್ದು ಬಹಳವಿದೆ: 1555ರ ಕಡಲಬಾಗಿಲು, 1166ರಲ್ಲಿ ಪ್ರತಿಷ್ಠೆಯಾದ ಸಂತ ಟ್ರಿಫನ್ ಚರ್ಚು, 1979ರ ಏಪ್ರಿಲ್ 15ರ ಭೂಕಂಪದ ಬಳಿಕ ದುರಸ್ತಿಯಾದ ಕಲ್ಲಿನ ಮನೆಗಳು. ನಾನು ಆರಿಸಿಕೊಂಡದ್ದು ಊರಿನ ಹಿಂದಿನ ಬೆಟ್ಟಕ್ಕೆ ಏರುವ ಕೋಟೆಗೋಡೆಯನ್ನು. ಸುಮಾರು ನಾಲ್ಕೂವರೆ ಕಿಲೋಮೀಟರ್ ಉದ್ದದ ಆ ಗೋಡೆಯ ಗುಂಟ 1,350ರಷ್ಟು ಮೆಟ್ಟಿಲುಗಳು ಸಂತ ಜಾನ್ ಕೋಟೆಯವರೆಗೆ ಹೋಗುತ್ತವೆ. ಮೆಟ್ಟಿಲುಗಳು ಸವೆದು ನುಣುಪಾಗಿವೆ, ನೆರಳು ಕಡಿಮೆ. ಕೆಲಸದ ಕಪ್ಪು ಬೂಟುಗಳನ್ನು ಬಿಟ್ಟು ಓಡುವ ಬೂಟು ಹಾಕಿಕೊಂಡದ್ದು, ಒಂದೂವರೆ ಲೀಟರ್ ನೀರು ಒಯ್ದದ್ದು ಒಳ್ಳೆಯದಾಯಿತು. ದಿನಕ್ಕೆ ಹತ್ತು ಗಂಟೆ ಬಾಗುತ್ತ ಏಳುತ್ತ ಇರುವ ದೇಹಕ್ಕೆ ಏರುವುದು ಸುಲಭವಿರಬೇಕೆಂದುಕೊಂಡಿದ್ದೆ. ಹಡಗಿನ ನೆಲದ ಮೇಲೆ ಗಟ್ಟಿಯಾದ ಕಾಲುಗಳು ಬೆಟ್ಟದಲ್ಲಿ ಬೇರೆಯೇ ರೀತಿ ನೋಯುತ್ತವೆ.

ಅರ್ಧ ದಾರಿಯಲ್ಲಿ ಆರೋಗ್ಯ ಮಾತೆಯ ಪುಟ್ಟ ಚರ್ಚು ಇದೆ. ಅಲ್ಲಿ ನಿಂತು ತಿರುಗಿದಾಗ ತ್ರಿಕೋನಾಕಾರದ ಹಳೆಯ ಊರಿನ ಕೆಂಪು ಹೆಂಚುಗಳು, ಅದರ ಪಕ್ಕದಲ್ಲೇ ಎಲ್ಲ ಮನೆಗಳಿಗಿಂತ ಎತ್ತರವಾಗಿ ನಿಂತ ನಮ್ಮ ಬಿಳಿ ಹಡಗು ಒಟ್ಟಿಗೆ ಕಂಡವು. ಅಷ್ಟು ತಿಂಗಳಲ್ಲಿ ಹಡಗನ್ನು ನಾನು ಪೂರ್ತಿಯಾಗಿ ನೋಡಿದ್ದು ಅದೇ ಮೊದಲು. ಕಿತ್ತಳೆ ಬಣ್ಣದ ಜೀವರಕ್ಷಕ ದೋಣಿಗಳನ್ನು ಮುಂಭಾಗದಿಂದ ಎಣಿಸುತ್ತ ಬಂದು, ನನ್ನ ವಿಭಾಗದ ಕೆಳಗೆ ತೂಗುವ ದೋಣಿಯನ್ನು ಗುರುತಿಸಿ, ಅದರ ಮೇಲಿನ ಬಾಲ್ಕನಿಗಳಲ್ಲಿ ನನ್ನವು ಯಾವುವೆಂದು ಕಂಡುಕೊಂಡೆ. ನಾನು ಮಲಗುವ ಜಾಗ ಎಲ್ಲಿಂದ ನೋಡಿದರೂ ಕಾಣುವಂತಿರಲಿಲ್ಲ, ಅದು ನೀರಿನೊಳಗಿತ್ತು. ಬಹಳ ಹೊತ್ತು ಅಲ್ಲೇ ಕುಳಿತೆ. ಕೋಟೆಯ ತುದಿಯನ್ನು ಮುಟ್ಟಿದಾಗ ಒಂದೂ ಮುಕ್ಕಾಲು. ಎರಡು ಗಂಟೆಗೆ ಇಳಿಯಲು ಶುರುಮಾಡಬೇಕೆಂದು ಮೊದಲೇ ನಿಶ್ಚಯಿಸಿದ್ದರಿಂದ ಹಾಗೆಯೇ ಇಳಿದೆ. ಮೂರೂಕಾಲಿಗೆ ಹಡಗಿನಲ್ಲಿದ್ದೆ; ಮಿಂದು, ಒಂದು ಗಂಟೆ ಗಾಢವಾಗಿ ಮಲಗಿ ಎದ್ದೆ.

ಐದಕ್ಕೆ ಹಡಗು ಹೊರಟಿತು. ಕೋಟರ್ ಕೊಲ್ಲಿ ಸುಮಾರು 28 ಕಿಲೋಮೀಟರ್ ಉದ್ದದ್ದು; ಅಲ್ಲಿನ ನೀರಿನ ದಾರಿ ಬಲ್ಲ ಪೈಲಟ್ ಹಡಗನ್ನು ನಿಧಾನವಾಗಿ ಹೊರಗೊಯ್ಯುವ ಆ ಹೊತ್ತಿನಲ್ಲಿ ಪ್ರಯಾಣಿಕರೆಲ್ಲ ಮೇಲಿನ ಡೆಕ್ಕಿನಲ್ಲಿರುತ್ತಾರೆ, ಕ್ಯಾಬಿನ್‌ಗಳು ಖಾಲಿ ಇರುತ್ತವೆ. ಐದೂವರೆಗೆ ಗಾಡಿ ತೆಗೆದೆ. ಮೊದಲ ಕ್ಯಾಬಿನ್ನಿನ ಬಾಲ್ಕನಿಯ ಪರದೆ ಎಳೆಯಲು ಹೋದಾಗ ಪೆರಾಸ್ಟ್ ಊರಿನ ಎದುರಿನ ಎರಡು ನಡುಗಡ್ಡೆಗಳು ಹಾದುಹೋಗುತ್ತಿದ್ದವು. ಅವುಗಳಲ್ಲಿ ಒಂದನ್ನು ಜನರು ತಲೆಮಾರುಗಳ ಕಾಲ ಕಲ್ಲು ಸುರಿದು, ಹಳೆಯ ಹಡಗುಗಳನ್ನು ಮುಳುಗಿಸಿ ಕಟ್ಟಿದ್ದಾರೆ. ಇಂದಿಗೂ ಪ್ರತಿವರ್ಷ ಜುಲೈ 22ರ ಸಂಜೆ ದೋಣಿಗಳಲ್ಲಿ ಬಂದು ಕಲ್ಲು ಹಾಕುತ್ತಾರೆ. ಪರದೆಯನ್ನು ಅರ್ಧಕ್ಕೆ ಬಿಟ್ಟು ಅವು ಮರೆಯಾಗುವವರೆಗೆ ನೋಡಿದೆ. ಅತಿ ಕಿರಿದಾದಲ್ಲಿ 340 ಮೀಟರ್ ಅಗಲವಿರುವ ವೆರಿಗೆ ಜಲಸಂಧಿಯನ್ನು ಹಡಗು ದಾಟುವಾಗ ನಾನು ಮೂರನೆಯ ಕ್ಯಾಬಿನ್ನಿನಲ್ಲಿ ದಿಂಬು ಸರಿಪಡಿಸುತ್ತಿದ್ದೆ. ತೆರೆದ ಕಡಲಿಗೆ ಬಂದು ನೆಲ ಮೆಲ್ಲಗೆ ತೂಗತೊಡಗಿದಾಗ ಇನ್ನೂ ಹನ್ನೊಂದು ಕ್ಯಾಬಿನ್‌ಗಳು ಬಾಕಿ ಇದ್ದವು.