ಚಿಪ್ ಹಾಕಿದ ಮೇಲೆ ಎಳೆತ ಬಿಟ್ಟ ನನ್ನ ಪಿಕಪ್

ಬೆಳಗಾವಿ ಎಪಿಎಂಸಿಯಿಂದ ಗೋವಾಕ್ಕೆ ತರಕಾರಿ ಒಯ್ಯುವ ಪಿಕಪ್ ಗಾಡಿ ನನ್ನದು. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿಯುತ್ತೇನೆ. ಹೋಗುವಾಗ ಇಳಿಜಾರು, ಎಂಜಿನ್‌ಗೆ ಕಷ್ಟವಿಲ್ಲ. ಬರುವಾಗ ತೆಂಗಿನಕಾಯಿ ಲೋಡು ಇರುತ್ತದೆ. ಕೇರಿ ಊರು ಬಿಟ್ಟು ಏರು ಶುರುವಾಯಿತು ಅಂದರೆ ಎರಡನೇ ಗೇರ್‌ನಲ್ಲೇ ತೆವಳಬೇಕು, ಹಿಂದೆ ಗಾಡಿಗಳ ಸಾಲು. ಅದಕ್ಕೇ ಎಂಜಿನ್ ಶಕ್ತಿ ಹೆಚ್ಚಿಸುವ ಚಿಪ್ ಹಾಕಿಸೋಣ ಅನ್ನಿಸಿತು. ವೈರಿಂಗ್ ಕೆಲಸ ಸ್ವಲ್ಪ ಬರುತ್ತದೆ, ಹಾಗಾಗಿ ನಾನೇ ಹಾಕಿದೆ. ಹಾಕಲು ಅರ್ಧ ಗಂಟೆ ಸಾಕಾಯಿತು. ಸರಿಹೋಗಲು ಮೂರು ವಾರ ಹಿಡಿಯಿತು.

ಚಿಪ್ ಅಂತ ಕರೆದರೂ ಅದು ಅಂಗೈಯಷ್ಟು ದೊಡ್ಡ ಡಬ್ಬಿ. ನಮ್ಮ ಗಾಡಿಗಳು ಕಾಮನ್ ರೇಲ್ ಡೀಸೆಲ್. ಅಂದರೆ ಪಂಪ್ ಒತ್ತಿದ ಡೀಸೆಲ್ ರೇಲ್ ಅನ್ನುವ ಒಂದು ದಪ್ಪ ಪೈಪಿನಲ್ಲಿ ನಿಂತಿರುತ್ತದೆ, ಎಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ಎಲ್ಲ ಇಂಜೆಕ್ಟರ್‌ಗಳಿಗೂ ಅಲ್ಲಿಂದಲೇ ಹೋಗುತ್ತದೆ. ಆ ಪೈಪಿನ ತುದಿಯಲ್ಲಿ ಒತ್ತಡ ಅಳೆಯುವ ಸೆನ್ಸರ್ ಇದೆ. ಅದಕ್ಕೆ ಮೂರು ವೈರ್: 5 ವೋಲ್ಟ್, ಅರ್ಥ್, ಸಿಗ್ನಲ್. ಚಿಪ್ ಈ ಸೆನ್ಸರ್ ಮತ್ತು ಎಂಜಿನ್ ನಡೆಸುವ ಕಂಪ್ಯೂಟರ್ (ಇಸಿಯು) ನಡುವೆ ಕೂರುತ್ತದೆ. ಸೆನ್ಸರ್ ಹೇಳಿದ ಒತ್ತಡವನ್ನು ಸ್ವಲ್ಪ ಕಡಿಮೆ ಮಾಡಿ ಇಸಿಯುಗೆ ತಿಳಿಸುತ್ತದೆ. ಒತ್ತಡ ಸಾಲುತ್ತಿಲ್ಲ ಅಂದುಕೊಂಡು ಇಸಿಯು ಪಂಪ್‌ಗೆ ಇನ್ನಷ್ಟು ಒತ್ತಿಸುತ್ತದೆ. ಇಂಜೆಕ್ಟರ್ ಅಷ್ಟೇ ಹೊತ್ತು ತೆರೆದರೂ ಡೀಸೆಲ್ ಜಾಸ್ತಿ ಬೀಳುತ್ತದೆ. ಇಸಿಯುಗೆ ಹೇಳುವ ಈ ಸಣ್ಣ ಸುಳ್ಳು ನೆನಪಿರಲಿ. ಮುಂದೆ ನನ್ನ ಲೆಕ್ಕ ತಪ್ಪಿಸಿದ್ದು ಇದೇ.

(ಗಾಡಿಯ ದೋಷ ಓದುವ ಸ್ಕ್ಯಾನರ್ ಜೋಡಿಸಲು ಸ್ಟೇರಿಂಗ್ ಕೆಳಗಿರುವ ಒಬಿಡಿ ಸಾಕೆಟ್‌ಗೆ ಚುಚ್ಚುವ ಅಗ್ಗದ ಡಬ್ಬಿಗಳೂ ಸಿಗುತ್ತವೆ. ಗೆಳೆಯನೊಬ್ಬ ತಂದಿದ್ದನ್ನು ಬಿಚ್ಚಿ ನೋಡಿದೆ. ದೀಪ ಮಿಣುಕಿಸುವ ಸರ್ಕ್ಯೂಟ್ ಬಿಟ್ಟು ಬೇರೇನೂ ಇರಲಿಲ್ಲ. ದುಡ್ಡು ಹಾಳು ಮಾಡಿಕೊಳ್ಳಬೇಡಿ.)

ಎಂಜಿನ್ ತಣ್ಣಗಾದ ಮೇಲೆ ಬ್ಯಾಟರಿಯ ಮೈನಸ್ ತೆಗೆದೆ. ಸೆನ್ಸರ್ ಕನೆಕ್ಟರ್ ಬಿಚ್ಚಿ ನಡುವೆ ಚಿಪ್‌ನ ವೈರ್ ಸೇರಿಸಿದೆ. ಸ್ಟಾರ್ಟ್ ಮಾಡಿದ ಕೂಡಲೇ ಚೆಕ್ ಎಂಜಿನ್ ದೀಪ ಹತ್ತಿತು. ಎಷ್ಟು ಒತ್ತಿದರೂ ಎಂಜಿನ್ ಮೇಲೇರಲಿಲ್ಲ, ದೋಷ ಕಂಡಾಗ ಇಸಿಯು ಶಕ್ತಿ ಇಳಿಸುವ ಲಿಂಪ್ ಮೋಡ್‌ಗೆ ಹೋಗಿತ್ತು. ಸ್ಕ್ಯಾನರ್ ಪಿ0193 ಅನ್ನುವ ದೋಷದ ಕೋಡ್ ತೋರಿಸಿತು. ರೇಲ್ ಸೆನ್ಸರ್ ಸಿಗ್ನಲ್ ಇರಬೇಕಾದ್ದಕ್ಕಿಂತ ಮೇಲಿದೆ ಅಂತ ಅರ್ಥ. ಚಿಪ್ಪೇ ಕೆಟ್ಟಿದೆ, ವಾಪಸ್ ಕಳಿಸುವುದು ಅಂತ ಹೊರಟೆ. ಆಟೋನಗರದ ಹಳೆಯ ಮಿಸ್ತ್ರಿ ಕಾಕಾ ತಡೆದರು.

"ತಮ್ಮಾ, ಮೊದ್ಲ ಚಿಪ್ ತಗಿ, ಕಂಪನಿ ವೈರಿಂಗ್ ಇದ್ದಂಗ ಜೋಡ್ಸು. ಗಾಡಿ ಸುದ್ದ ಐತೋ ಇಲ್ಲೋ ಅನ್ನೂದು ತಿಳೀಲಿ. ಚಿಪ್ ಮಾತು ಆಮ್ಯಾಲ."

ಹಾಗೇ ಮಾಡಿದೆ. ಕೋಡ್ ಅಳಿಸಿ ಓಡಿಸಿದರೆ ದೀಪ ಬರಲಿಲ್ಲ. ಗಾಡಿಯ ವೈರಿಂಗ್, ಸೆನ್ಸರ್ ಎರಡೂ ಸರಿ ಅಂತಾಯಿತು. ಮತ್ತೆ ಚಿಪ್ ಸೇರಿಸಿ, ಸೆನ್ಸರ್ ಕಡೆಯ ಕನೆಕ್ಟರ್ ಮಾತ್ರ ಬಿಚ್ಚಿಟ್ಟು, ಕೀ ಆನ್ ಮಾಡಿ ಮಲ್ಟಿಮೀಟರ್ ಹಿಡಿದೆ. ಕೆಂಪು ಮೊನೆ 5 ವೋಲ್ಟ್ ಪಿನ್‌ಗೆ, ಕಪ್ಪು ಮೊನೆ ಬ್ಯಾಟರಿ ಮೈನಸ್‌ಗೆ ಇಟ್ಟರೆ 5.0. ಕಪ್ಪು ಮೊನೆಯನ್ನು ಅದೇ ಕನೆಕ್ಟರ್‌ನ ಅರ್ಥ್ ಪಿನ್‌ಗೆ ತಂದರೆ ಮೀಟರ್ ಒಂದು ಕಡೆ ನಿಲ್ಲಲೇ ಇಲ್ಲ. ಅರ್ಥ್ ಕಡಿದಿದೆ! ಅರ್ಥ್ ಇಲ್ಲದಿದ್ದರೆ ಸೆನ್ಸರ್ ಸಿಗ್ನಲ್ ಪೂರ್ತಿ 5 ವೋಲ್ಟ್ ಕಡೆಗೆ ಏರುತ್ತದೆ. ಪಿ0193 ಬಂದದ್ದು ಅದಕ್ಕೆ.

ಟಾರ್ಚ್ ಹಾಕಿ ನೋಡಿದೆ. ಎರಡು ಪಿನ್ ಸಮ ಇದ್ದವು, ಅರ್ಥ್ ಪಿನ್ ಮಾತ್ರ ಎರಡು ಮಿಲಿಮೀಟರ್ ಹಿಂದೆ ಸರಿದಿತ್ತು. ಚಿಪ್ ತಯಾರಾದಾಗಲೇ ಅದು ಲಾಕ್ ಆಗಿರಲಿಲ್ಲ. ನಾನು ಒತ್ತಿ ಸೇರಿಸಿದಾಗ ಹಿಂದಕ್ಕೆ ಹೋಗಿದೆ. ರಬ್ಬರ್ ಸರಿಸಿ ವೈರನ್ನು ಹಿಂದಿನಿಂದ ಮೆಲ್ಲಗೆ ಒತ್ತಿದೆ, ಟಿಕ್ ಅಂತ ಕೂತಿತು. ಎಳೆದು ನೋಡಿದೆ, ಬರಲಿಲ್ಲ. ಸೆನ್ಸರ್ ಜೋಡಿಸಿ ಕೀ ಆನ್ ಮಾಡಿದರೆ ಸಿಗ್ನಲ್ 0.5 ವೋಲ್ಟ್. ಎಂಜಿನ್ ನಿಂತಿರುವಾಗ ಅಷ್ಟೇ ಇರಬೇಕು. ಕೋಡ್ ಮತ್ತೆ ಬರಲಿಲ್ಲ. ನೀವು ಹಾಕುವುದಾದರೆ ಕನೆಕ್ಟರ್ ಸೇರಿಸುವ ಮೊದಲೇ ಮೂರೂ ಪಿನ್ ಒಂದೊಂದಾಗಿ ಎಳೆದು ನೋಡಿ. ಎರಡು ನಿಮಿಷದ ಕೆಲಸ.

ಒಂಬತ್ತು ದಿನ ಗಾಡಿ ಚೆನ್ನಾಗಿ ಓಡಿತು. ಹತ್ತನೇ ದಿನ ಪೂರ್ತಿ ಲೋಡಿನಲ್ಲಿ ಘಾಟ್ ಏರುವಾಗ, ತಿರುವಿನಲ್ಲಿ ಒಮ್ಮೆಲೇ ಎಳೆತ ಬಿಟ್ಟಿತು. ಹಿಂದೆ ಬಸ್ಸು ಇತ್ತು. ಆ ಹೆದರಿಕೆ ಈಗಲೂ ನೆನಪಿದೆ. ಈ ಸಲ ಕೋಡ್ ಪಿ0087, ರೇಲ್ ಒತ್ತಡ ಸಾಲುತ್ತಿಲ್ಲ ಅಂತ. ಒಂದು ಟ್ರಿಪ್ ಚಿಪ್ ತೆಗೆದು ಓಡಿಸಿದೆ, ತೊಂದರೆ ಇಲ್ಲ. ಮತ್ತೆ ಹಾಕಿದರೆ ಅದೇ ಏರಿನಲ್ಲಿ ಅದೇ ಕೋಡ್. ಹಾಗಾದರೆ ತಪ್ಪು ಚಿಪ್‌ದೇ, ಅಲ್ವಾ? ನಾನೂ ಹಾಗೇ ಅಂದುಕೊಂಡೆ.

ಮುಂದಿನ ಟ್ರಿಪ್‌ನಲ್ಲಿ ತಮ್ಮನನ್ನು ಪಕ್ಕದಲ್ಲಿ ಕೂರಿಸಿ, ಸ್ಕ್ಯಾನರ್ ಅಂಕಿ ಬರೆದುಕೊಳ್ಳಲು ಹೇಳಿದೆ. ಇಸಿಯು ಕೇಳಿದ್ದು 1,350 ಬಾರ್ (ಬಾರ್ ಅಂದರೆ ಒತ್ತಡದ ಅಳತೆ), ಸ್ಕ್ಯಾನರ್ ತೋರಿಸಿದ್ದು 1,210 ಬಾರ್. ಇಲ್ಲೇ ನಾನು ಎಡವಿದ್ದು. ಚಿಪ್ ಇರುವಾಗ ಸ್ಕ್ಯಾನರ್ ತೋರಿಸುವ ಅಂಕಿ ನಿಜವಾದ ಒತ್ತಡ ಅಲ್ಲ. ಇಸಿಯುಗೆ ಹೇಳಿದ ಸುಳ್ಳನ್ನೇ ಅದೂ ತೋರಿಸುತ್ತದೆ. ನಿಜ ಎಷ್ಟು ಅಂತ ತಿಳಿಯಲು ಚಿಪ್‌ನ ಎರಡೂ ಕಡೆ ಸಿಗ್ನಲ್ ಅಳೆದೆ. ಗಾಡಿ ನಿಲ್ಲಿಸಿ 2,000 ಆರ್‌ಪಿಎಂಗೆ ಎತ್ತಿದಾಗ ಸೆನ್ಸರ್ ಕಡೆ 2.10 ವೋಲ್ಟ್, ಇಸಿಯು ಕಡೆ 1.94. ಸೊನ್ನೆ ಒತ್ತಡದ 0.5 ಕಳೆದರೆ 1.60 ಮತ್ತು 1.44. ಸರಿಯಾಗಿ ನೂರಕ್ಕೆ 10 ಕಡಿಮೆ. ಹಾಗಾದರೆ ಘಾಟ್‌ನಲ್ಲಿ 1,210 ಅಂತ ಕಂಡಿದ್ದು ನಿಜದಲ್ಲಿ ಸುಮಾರು 1,345.

ಆಗ ಅರ್ಥವಾಯಿತು. ಪಂಪ್ ಶಕ್ತಿ ಮೀರಿ ಒತ್ತಿದರೂ 1,345 ದಾಟುತ್ತಿಲ್ಲ. ಚಿಪ್ ಇಲ್ಲದಾಗ ಕೇಳುವುದೇ 1,350, ಹೇಗೋ ನಡೆದುಹೋಗುತ್ತಿತ್ತು. ಚಿಪ್ ಹಾಕಿದಾಗ ಇಸಿಯುಗೆ 1,350 ಕಾಣಬೇಕಾದರೆ ನಿಜದಲ್ಲಿ 1,500 ಬೇಕು, ಅಲ್ಲಿಗೆ ಮುಟ್ಟುತ್ತಿಲ್ಲ. ಪಂಪ್‌ಗೆ ಡೀಸೆಲ್ ಸಾಲುತ್ತಿಲ್ಲ ಅನ್ನುವ ಅನುಮಾನದಿಂದ ಫಿಲ್ಟರ್ ಬಿಚ್ಚಿದೆ. ಕಪ್ಪಗೆ ಕಟ್ಟಿತ್ತು, ತಳದಲ್ಲಿ ನೀರೂ ಇತ್ತು. ಚಿಪ್ ಹಾಕುವ ಮೊದಲೇ ಬದಲಾಯಿಸಬೇಕಿತ್ತು. ಹೊಸದು ಹಾಕಿ, ಹ್ಯಾಂಡ್ ಪಂಪ್ ಒತ್ತಿ ಏರ್ ತೆಗೆದೆ. ಜೊತೆಗೆ ಚಿಪ್‌ನ ಸೆಟ್ಟಿಂಗ್ 6ರಿಂದ 3ಕ್ಕೆ ಇಳಿಸಿದೆ. ಅಳೆದರೆ ನೂರಕ್ಕೆ 5 ಬಂತು. ಸದಾ ಲೋಡು ಹೊರುವ ಗಾಡಿಗೆ ಅದಕ್ಕಿಂತ ಜಾಸ್ತಿ ಬೇಡ ಅನ್ನುವುದು ನನ್ನ ಅಭಿಪ್ರಾಯ. ಇಂಜೆಕ್ಟರ್, ಪಂಪ್, ಟರ್ಬೊ ಎಲ್ಲದರ ಮೇಲೂ ಭಾರ ಬೀಳುತ್ತದೆ. ಸೈಲೆನ್ಸರ್‌ನಿಂದ ಕಪ್ಪು ಹೊಗೆ ಬಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ ಅಂತ ತಿಳಿದು ಇನ್ನೂ ಇಳಿಸಿ.

ಒಂದು ಮಾತು ಖಂಡಿತ ಕೇಳಿ. ಎಂಜಿನ್ ಓಡುವಾಗ ರೇಲ್ ಪೈಪ್‌ಗಳ ಹತ್ತಿರ ಡೀಸೆಲ್ ಜಿನುಗಿದರೆ ಬೆರಳು ಇಟ್ಟು ನೋಡಬೇಡಿ. ಆ ಒತ್ತಡದ ಸೆಲೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಓಡಬೇಕು.

ನನ್ನದು ವಾರಂಟಿ ಮುಗಿದ ಬಿಎಸ್ 4 ಗಾಡಿ. ವಾರಂಟಿ ಇರುವ ಗಾಡಿಗೆ, ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಬಿಎಸ್ 6 ಗಾಡಿಗೆ ಇದನ್ನು ಹಾಕಿ ಅಂತ ನಾನು ಹೇಳುವುದಿಲ್ಲ. ಮಸಿ ಜಾಸ್ತಿಯಾದರೆ ಡಿಪಿಎಫ್ ಬೇಗ ಕಟ್ಟುತ್ತದೆ. ವಿಮೆಯವರಿಗೂ ಮೊದಲೇ ಬರೆದು ತಿಳಿಸಿ, ಆಮೇಲೆ ತಕರಾರು ಬೇಡ.

ಮಲಪ್ರಭೆ ಹುಟ್ಟುವ ಊರು ಕಣಕುಂಬಿ, ಅಲ್ಲಿನ ಮಳೆ ನಮ್ಮ ಕಡೆಯವರಿಗೆ ಗೊತ್ತೇ ಇದೆ. ಕನೆಕ್ಟರ್‌ನ ಒಳಗೆ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿ, ನೀರು ನಿಲ್ಲದಂತೆ ಬಾಯಿ ಕೆಳಗೆ ಮಾಡಿ ಕಟ್ಟಿದ್ದೇನೆ. ಈಗ ತೆಂಗಿನಕಾಯಿ ಲೋಡಿನಲ್ಲೂ ಅರ್ಧಕ್ಕಿಂತ ಜಾಸ್ತಿ ಏರು ಮೂರನೇ ಗೇರ್‌ನಲ್ಲಿ ಬರುತ್ತದೆ. ಫಿಲ್ಟರ್ ಬದಲಾಯಿಸಿದ ಕಿಲೋಮೀಟರ್ ಅಂಕಿಯನ್ನು ಬಾನೆಟ್ ಒಳಗೆ ಮಾರ್ಕರ್‌ನಲ್ಲಿ ಬರೆದಿಟ್ಟಿದ್ದೇನೆ. ಪ್ರತಿ ಸಲ ಆಯಿಲ್ ನೋಡುವಾಗ ಅದೂ ಕಣ್ಣಿಗೆ ಬೀಳುತ್ತದೆ.