ಹಾರೋ ಹಕ್ಕಿ ಫೋಟೋಗೆ ಕ್ಯಾಮೆರಾ ಸೆಟ್ಟಿಂಗ್, ಬೆಳ್ಳಕ್ಕಿಯಿಂದ ಶುರು ಮಾಡಿ

ಹಾರೋ ಹಕ್ಕಿ ಅಂದ ತಕ್ಷಣ ಎಲ್ರೂ ಕೇಳೋದು ಶಟರ್ ಸ್ಪೀಡ್ (ಶಟರ್ ಎಷ್ಟು ಹೊತ್ತು ತೆರೆದಿರುತ್ತೆ ಅನ್ನೋದು) ಎಷ್ಟಿಡ್ಬೇಕು ಅಂತ. ಅದೇನು ದೊಡ್ಡ ವಿಷ್ಯ ಅಲ್ಲ. ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ ತರ ನಿಧಾನಕ್ಕೆ ರೆಕ್ಕೆ ಬಡಿಯೋವಕ್ಕೆ 1/1250 ಸೆಕೆಂಡ್ ಸಾಕು, ಬೆಳ್ಳಕ್ಕಿ, ಗರುಡ, ಹದ್ದಿಗೆ 1/2000, ನೀರಿಗೆ ಧುಮುಕೋ ರೀವ (ಟರ್ನ್), ಮಿಂಚುಳ್ಳಿಗೆ 1/3200 ಇಲ್ಲಾ ಅದಕ್ಕೂ ಮೇಲೆ. ಅಷ್ಟೇ. ನನ್ನ ಫೋಟೋಗಳು ಹಾಳಾಗಿದ್ದು ಇದ್ರಿಂದ ಅಲ್ಲ, ಎಕ್ಸ್‌ಪೋಷರ್‌ನಿಂದ, ಅಂದ್ರೆ ಫೋಟೋಗೆ ಬೀಳೋ ಬೆಳಕಿನ ಲೆಕ್ಕದಿಂದ.

ಮಂಡ್ಯ ಕಡೆ ನಾಟಿಗೆ ಮುಂಚೆ ಗದ್ದೆ ಕೆಸರು ಮಾಡ್ತಾರಲ್ಲ, ಟ್ರ್ಯಾಕ್ಟರ್ ಹಿಂದೆ ಹುಳ ತಿನ್ನೋಕೆ ಬೆಳ್ಳಕ್ಕಿಗಳು ಸಾಲಾಗಿ ಬರ್ತವೆ. ಕಲಿಯೋಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ, ಟ್ರ್ಯಾಕ್ಟರ್ ತಿರುಗಿದಾಗೆಲ್ಲ ಎದ್ದು ಹಾರಿ ಮತ್ತೆ ಅಲ್ಲೇ ಇಳೀತವೆ, ಒಂದು ಮಿಸ್ ಆದ್ರೆ ಎರಡು ನಿಮಿಷಕ್ಕೆ ಇನ್ನೊಂದು ಚಾನ್ಸ್. ಅಲ್ಲೇ ನೋಡಿ ಮಜಾ. ಹಕ್ಕಿ ಏಳೋದು ಕಪ್ಪು ಕೆಸರಿನ ಮುಂದೆ, ಆಮೇಲೆ ತೆಂಗಿನ ತೋಟದ ಮುಂದೆ ಹಾದು, ಕೊನೆಗೆ ಬಿಳಿ ಆಕಾಶಕ್ಕೆ ಹೋಗುತ್ತೆ, ಇದೆಲ್ಲ ಮೂರ್ನಾಲ್ಕು ಸೆಕೆಂಡಲ್ಲಿ. ಕ್ಯಾಮೆರಾ ಆಟೋದಲ್ಲಿದ್ರೆ ಅದು ಹಕ್ಕಿಗಿಂತ ಜಾಸ್ತಿ ಹಿಂದಿರೋದನ್ನೇ ಲೆಕ್ಕಕ್ಕೆ ತಗೊಳ್ಳುತ್ತೆ. ಕೆಸರು ಕಪ್ಪಗಿದೆ ಅಂತ ಬೆಳಕು ಏರಿಸುತ್ತೆ, ಬೆಳ್ಳಕ್ಕಿ ಸುಣ್ಣ ಬಳಿದಂಗೆ ಆಗಿ ಒಂದು ಗರಿನೂ ಕಾಣಲ್ಲ. ಆಕಾಶ ಬೆಳ್ಳಗಿದೆ ಅಂತ ಇಳಿಸುತ್ತೆ, ಅದೇ ಬೆಳ್ಳಕ್ಕಿ ಕಾಗೆ ಆಗುತ್ತೆ. ಒಂದಿಡೀ ಬೆಳಗ್ಗೆ ತೆಗ್ದಿದ್ದನ್ನ ಮನೇಲಿ ಕಂಪ್ಯೂಟರ್‌ಗೆ ಹಾಕಿ ನೋಡಿದಾಗ ನನಗೆ ಸಿಕ್ಕಿದ್ದು ಬರೀ ಸುಣ್ಣ ಮತ್ತೆ ಕಾಗೆ.

ಆದ್ರೆ ಹಕ್ಕಿ ಮೇಲೆ ಬೀಳ್ತಿರೋ ಬಿಸಿಲು ಅಷ್ಟೂ ಹೊತ್ತು ಒಂದೇ ಇತ್ತು ತಾನೇ? ಹಾಗಾಗಿ ಬಿಸಿಲು ನಿಚ್ಚಳವಾಗಿದ್ರೆ ಫುಲ್ ಮ್ಯಾನ್ಯುಯಲ್ ಹಾಕಿ, ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ನಂಬರ್) ಕೂಡ ಆಟೋ ಬೇಡ. ಫಿಲಂ ಕಾಲದವರ ಲೆಕ್ಕ ಒಂದಿದೆ: ಒಳ್ಳೆ ಬಿಸಿಲಲ್ಲಿ ಅಪರ್ಚರ್ (ಲೆನ್ಸಿನ ಕಿಂಡಿ, ನಂಬರ್ ಕಮ್ಮಿ ಆದಷ್ಟೂ ದೊಡ್ಡದು) ಎಫ್16 ಇಟ್ರೆ ಶಟರ್ ಸ್ಪೀಡು ಐಎಸ್‌ಒ ನಂಬರಿನಷ್ಟೇ. ಐಎಸ್‌ಒ 500 ಅಂದ್ರೆ 1/500. ಎಫ್8ಕ್ಕೆ ಬಂದ್ರೆ ಎರಡು ಸ್ಟಾಪ್ ಬೆಳಕು ಜಾಸ್ತಿ (ಒಂದು ಸ್ಟಾಪ್ ಅಂದ್ರೆ ಎರಡು ಪಟ್ಟು, ಎರಡು ಅಂದ್ರೆ ನಾಲ್ಕು ಪಟ್ಟು), ಅಂದ್ರೆ ಶಟರ್ 1/2000. ನಮಗೆ ಬೇಕಾಗಿದ್ದೂ ಅದೇ! ಬೆಳ್ಳಕ್ಕಿ ತೀರಾ ಬಿಳಿ ಆಗಿರೋದ್ರಿಂದ ಐಎಸ್‌ಒ 320ಕ್ಕೆ ಇಳಿಸಿ, ನೀರುಕಾಗೆ ತರ ಕಪ್ಪು ಹಕ್ಕಿಗೆ 1000ಕ್ಕೆ ಏರಿಸಿ. ಇದು ಬಿಸಿಲು ಸ್ವಲ್ಪ ಮೇಲೆ ಬಂದ್ಮೇಲಿನ ಲೆಕ್ಕ, ಸೂರ್ಯ ಹುಟ್ಟಿದ ತಕ್ಷಣ ಆದ್ರೆ ಐಎಸ್‌ಒ ಇನ್ನೂ ಮೇಲೆ ಬೇಕಾಗುತ್ತೆ. ಹೈಲೈಟ್ ವಾರ್ನಿಂಗ್ (ಬೆಳಕು ಜಾಸ್ತಿಯಾಗಿ ಸುಣ್ಣ ಆದ ಜಾಗ ಮಿನುಗಿಸೋದು) ಆನ್ ಮಾಡ್ಕೊಂಡು ಒಂದು ಟೆಸ್ಟ್ ಶಾಟ್ ತೆಗೀರಿ, ರೆಕ್ಕೆ ಮಿನುಗ್ತಿದ್ರೆ ಇನ್ನೊಂಚೂರು ಇಳಿಸಿ.

ಮೋಡ ಬಂದು ಹೋಗಿ ಆಟ ಆಡ್ತಿದ್ರೆ ಮಾತ್ರ ಮ್ಯಾನ್ಯುಯಲ್ ಜೊತೆ ಆಟೋ ಐಎಸ್‌ಒ ಇಡಿ, ಮಿತಿ 3200, ಹೊಸ ಕ್ಯಾಮೆರಾ ಆದ್ರೆ 6400. ಆಗ ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಕ್ಯಾಮೆರಾ ಲೆಕ್ಕ ಹಾಕಿದ ಬೆಳಕನ್ನ ಏರಿಸೋದು, ಇಳಿಸೋದು) ಮೇಲೆ ಕೈ ಇರ್ಲಿ, ಬಿಳಿ ಆಕಾಶಕ್ಕೆ +1, ಕಪ್ಪು ಹಿನ್ನೆಲೇಲಿ ಬಿಳಿ ಹಕ್ಕಿಗೆ -1. ಕೆಲವು ಹಳೇ ಕ್ಯಾಮೆರಾಗಳಲ್ಲಿ ಮ್ಯಾನ್ಯುಯಲ್ ಇದ್ದಾಗ ಇದು ಕೆಲ್ಸ ಮಾಡಲ್ಲ, ಮನೇಲೇ ಚೆಕ್ ಮಾಡ್ಕೊಂಡು ಹೋಗಿ.

ಫೋಕಸ್ ವಿಷ್ಯ. ಹಕ್ಕಿ ಸರಿದಂಗೆಲ್ಲ ಫೋಕಸ್ ಬದಲಾಯಿಸ್ತಾ ಇರೋ ಮೋಡ್ ಬೇಕು: ನಿಕಾನ್, ಸೋನಿ ಆದ್ರೆ ಎಎಫ್-ಸಿ, ಕ್ಯಾನನ್ ಆದ್ರೆ ಸರ್ವೋ. ಖಾಲಿ ಆಕಾಶಕ್ಕೆ ಅಗಲದ ಫೋಕಸ್ ಏರಿಯಾ ಪರವಾಗಿಲ್ಲ, ಹಿಂದೆ ಮರ ಇದ್ರೆ ಚಿಕ್ಕ ಜೋನ್, ಇಲ್ಲಾಂದ್ರೆ ಕ್ಯಾಮೆರಾ ಹಕ್ಕಿ ಬಿಟ್ಟು ಎಲೆ ಹಿಡ್ಕೊಂಡು ಕೂತ್ಕೊಳ್ಳುತ್ತೆ. ಹಕ್ಕಿ ಕಣ್ಣು ಹುಡುಕೋ ಹೊಸ ಮಿರರ್‌ಲೆಸ್‌ಗಳೂ ಹಕ್ಕಿ ಚಿಕ್ಕದಾಗಿದ್ರೆ ಈ ಬುದ್ಧಿ ತೋರಿಸ್ತವೆ. ಮೊದಲೇ ಅಂದಾಜು ಹಕ್ಕಿ ಬರೋವಷ್ಟೇ ದೂರದಲ್ಲಿರೋ ಮರಕ್ಕೆ ಫೋಕಸ್ ಮಾಡಿಟ್ಕೊಳ್ಳಿ, ಲೆನ್ಸಲ್ಲಿ ಫೋಕಸ್ ಲಿಮಿಟರ್ ಸ್ವಿಚ್ (ಹತ್ರದ್ದನ್ನೆಲ್ಲ ಹುಡುಕದಂಗೆ ತಡೆಯೋದು) ಇದ್ರೆ ದೂರಕ್ಕೆ ಹಾಕಿ. 150-600 ಎಂಎಂ ಜೂಮ್ ಲೆನ್ಸ್ ಇರೋರು 600ರಲ್ಲೇ ಹುಡುಕೋಕೆ ಹೋಗ್ಬೇಡಿ, 300ರಲ್ಲಿ ಹಿಡಿದು ಆಮೇಲೆ ಜೂಮ್ ಮಾಡಿ.

ಸೆಟ್ಟಿಂಗ್ ಅಲ್ಲ ಅನ್ನಿಸ್ಬಹುದು, ಆದ್ರೆ ಗಾಳಿ ನೋಡಿ. ಹಕ್ಕಿ ಸಾಮಾನ್ಯವಾಗಿ ಗಾಳಿಗೆ ಎದುರಾಗೇ ಏಳೋದು, ಎದುರಾಗೇ ಇಳಿಯೋದು. ಗಾಳಿ ನಿಮ್ಮ ಬೆನ್ನಿಗಿದ್ರೆ ಅದರ ಮುಖ ನಿಮ್ಮ ಕಡೆ, ಸೂರ್ಯನೂ ಬೆನ್ನಿಗಿದ್ರೆ ಆ ದಿನ ನಿಮ್ಮದು. ಗಾಳಿ ಎದುರಿಂದ ಬೀಸ್ತಿದ್ರೆ ಬರೀ ಬಾಲದ ಫೋಟೋ.

ಕೈ ಕುದುರಿದ ಮೇಲೆ ಮದ್ದೂರು ಹತ್ರ ಕೊಕ್ಕರೆ ಬೆಳ್ಳೂರಿಗೆ ಹೋಗಿ. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಊರೊಳಗಿನ ಹುಣಸೆ ಮರದಲ್ಲೇ ಗೂಡು ಕಟ್ಟೋದು, ತಲೆ ಮೇಲೇ ಹಾರ್ತವೆ, 70-300 ಲೆನ್ಸೂ ನಡೆಯುತ್ತೆ. ಒಂದು ಗೂಡು ನೋಡ್ಕೊಳ್ಳಿ, ಕಡ್ಡಿ ತರೋ ಹಕ್ಕಿ ಹೆಚ್ಚುಕಮ್ಮಿ ಅದೇ ದಾರೀಲೇ ವಾಪಸ್ ಬರುತ್ತೆ, ಅಲ್ಲಿ ಕಾಯಿರಿ. ಹಾರ್ಲಿ ಅಂತ ಚಪ್ಪಾಳೆ ಹೊಡಿಯೋರನ್ನ ನೋಡಿದ್ರೆ ಮೈ ಉರಿಯುತ್ತೆ, ಮರಿ ಇರೋ ಗೂಡು ಬಿಟ್ಟು ದೊಡ್ಡ ಹಕ್ಕಿ ಎದ್ದು ಹೋದ್ರೆ ಬಿಸಿಲಿಗೆ ಮರಿ ಬೇಯುತ್ತೆ ಅನ್ನೋದು ಗೊತ್ತಾಗಲ್ವಾ. ಇನ್ನು ರಂಗನತಿಟ್ಟಲ್ಲಿ ದೋಣಿ ಅಂಚಿಗೆ ಮೊಣಕೈ ಊರಬೇಡಿ, ದೋಣಿ ಅಲುಗಾಟ ಪೂರ್ತಿ ಕ್ಯಾಮೆರಾಗೆ ಬರುತ್ತೆ.

ಬರ್ಸ್ಟ್ (ಬಟನ್ ಒತ್ತಿದಷ್ಟು ಹೊತ್ತು ಸಾಲಾಗಿ ತೆಗೆಯೋದು) ನಾಲ್ಕೈದು ಫ್ರೇಮ್ ಹೊಡೆದು ಬೆರಳು ತೆಗೀರಿ. ಒತ್ತಿಕೊಂಡೇ ಇದ್ರೆ ಬಫರ್ (ಕ್ಯಾಮೆರಾದ ತಾತ್ಕಾಲಿಕ ಮೆಮೊರಿ) ತುಂಬಿ, ಹಕ್ಕಿ ರೆಕ್ಕೆ ಪೂರಾ ಬಿಚ್ಚೋ ಹೊತ್ತಿಗೆ ಕ್ಯಾಮೆರಾ ನಿಂತಿರುತ್ತೆ. ರಾ (ಕ್ಯಾಮೆರಾ ತಿದ್ದದೇ ಇಟ್ಟ ಮೂಲ) ಫೈಲಲ್ಲೇ ತೆಗೀರಿ.

ಹಾಂ, ಎಫ್8ರಲ್ಲಿ ಆಕಾಶ ತೆಗೆದ್ರೆ ಸೆನ್ಸರ್ ಮೇಲಿನ ಧೂಳು ಕಪ್ಪು ಚುಕ್ಕಿಯಾಗಿ ಕಾಣುತ್ತೆ, ಹೊರಡೋ ಮುಂಚೆ ಕ್ಲೀನ್ ಮಾಡಿಸಿ. ನಾನು ಒಂದ್ಸಲ ದೂರದಲ್ಲಿ ಯಾವ್ದೋ ಹದ್ದಿದೆ ಅಂತ ಜೂಮ್ ಮಾಡಿ ಮಾಡಿ ನೋಡ್ತಿದ್ದೆ, ನಲವತ್ತು ಫೋಟೋದಲ್ಲೂ ಅದೇ ಮೂಲೇಲಿತ್ತು ಅದು.